ಹೇವರ್ಡಿನ ತಲೆ ಎಣಿಸಿದ ಗುಲಾಬಿ

ಬಾಗಿಲು ತಟ್ಟುವುದಕ್ಕೂ ಒಂದು ಕೈಗುಣ ಬೇಕು ಎಂದು ಗುಲಾಬಿ ಶೆಡ್ತಿ ನಂಬಿದ್ದಳು. ಮೂರು ಸಲಕ್ಕಿಂತ ಹೆಚ್ಚು ತಟ್ಟಬಾರದು. ತಟ್ಟಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಕೈಯಲ್ಲಿರುವುದು ಕಾಣುವಂತೆ ನಿಲ್ಲಬೇಕು. ಒಳಗಿನವರು ಪರದೆ ಸರಿಸಿ ನೋಡಿದರೆ ನಾವು ಬೇರೆಲ್ಲೋ ನೋಡುತ್ತಿರಬೇಕು. ಇದನ್ನೆಲ್ಲ ಅವಳು ಕಲಿತದ್ದು ಬಂಟ್ವಾಳದ ಸುತ್ತಿನ ಹಳ್ಳಿಗಳಲ್ಲಿ, ಸಿಡುಬಿನ ಲಸಿಕೆ ಹಾಕುತ್ತ ಮನೆ ಮನೆ ತಿರುಗಿದ ಹತ್ತು ವರ್ಷಗಳಲ್ಲಿ. ಅವಳು ಗುಡ್ಡ ಇಳಿದು ಬರುವುದು ಕಂಡರೆ ಸಾಕು, ತಾಯಂದಿರು ಮಕ್ಕಳನ್ನು ಅಟ್ಟದ ಮೇಲೆ, ಸೌದೆ ಕೊಟ್ಟಿಗೆಯಲ್ಲಿ ಅಡಗಿಸಿ, "ನಮ್ಮಲ್ಲಿ ಮಕ್ಕಳೇ ಇಲ್ಲ" ಎನ್ನುತ್ತಿದ್ದರು. ಗುಲಾಬಿ ವಾದಿಸುತ್ತಿರಲಿಲ್ಲ. ಜಗಲಿಯಲ್ಲಿ ಕೂತು ನೀರು ಕೇಳುತ್ತಿದ್ದಳು. ಅರ್ಧ ಗಂಟೆಯಲ್ಲಿ ಅಟ್ಟದ ಮಕ್ಕಳು ತಾವಾಗಿ ಕೆಮ್ಮುತ್ತಿದ್ದವು.

ಮದುವೆಯಾದದ್ದು ತಡವಾಗಿ, ಮೂವತ್ತರ ಮೇಲೆ. ಗಂಡ ಜಯಕರ ಶೆಟ್ಟಿ ಮಂಗಳೂರಿನಲ್ಲಿ ಡಿಪ್ಲೊಮಾ ಓದಿ ಕಟ್ಟಡಗಳ ನಕ್ಷೆ ಬರೆಯುವ ಕೆಲಸ ಕಲಿತವನು. ಅವನ ಹಿಂದೆ ಅವಳೂ ಅರುವತ್ತೊಂಬತ್ತರಲ್ಲಿ ಹೇವರ್ಡಿಗೆ ಬಂದಳು. ಸ್ಯಾನ್ ಫ್ರಾನ್ಸಿಸ್ಕೊ ಎಂದರೆ ಊರಿನಲ್ಲಿ ಎಲ್ಲರಿಗೂ ಗೊತ್ತು, ಬರ್ಕ್ಲಿ ಎಂದರೆ ಓದಿದವರಿಗೆ ಗೊತ್ತು; ಹೇವರ್ಡ್ ಎಂದು ಕಾಗದದಲ್ಲಿ ಬರೆದರೆ ಅವಳ ಅಣ್ಣ "ಅದು ಯಾರ ಹೆಸರು?" ಎಂದು ಉತ್ತರ ಬರೆದಿದ್ದ. ಒಂದು ಕಡೆ ಕೊಲ್ಲಿಯ ಉಪ್ಪುಗದ್ದೆ, ಇನ್ನೊಂದು ಕಡೆ ಬೇಸಿಗೆಯಲ್ಲಿ ಹುಲ್ಲು ಒಣಗಿ ಹಳದಿಯಾಗುವ ಗುಡ್ಡ, ನಡುವೆ ರೈಲುಹಳಿ, ಫ್ರೀವೇ, ಸಾಲು ಮನೆಗಳು. ಆಗಸ್ಟಿನಲ್ಲಿ ಇಡೀ ಊರು ಬೇಯುವ ಟೊಮೆಟೊ ವಾಸನೆ ಹೊಡೆಯುತ್ತಿತ್ತು, ಏಕೆಂದರೆ ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆ ಊರ ನಡುವೆಯೇ ಇತ್ತು. ಗುಲಾಬಿ ಏಳು ಹಂಗಾಮು ಅಲ್ಲಿ ಓಡುವ ಬೆಲ್ಟಿನ ಮುಂದೆ ನಿಂತು ಕೊಳೆತ ಹಣ್ಣು ಆರಿಸಿದಳು. ಅಕ್ಕಪಕ್ಕ ನಿಂತ ಮೆಕ್ಸಿಕೊದ ಹೆಂಗಸರಿಂದ ಮಾತನಾಡಲು ಬೇಕಾದಷ್ಟು ಸ್ಪ್ಯಾನಿಷ್ ಕಲಿತಳು. ಬೈಗುಳಗಳನ್ನು ಬೇಕಾದ್ದಕ್ಕಿಂತ ಹೆಚ್ಚೇ ಕಲಿತಳು.

ಎಂಬತ್ತರ ವಸಂತದಲ್ಲಿ ಸೆನ್ಸಸ್ ಬಂತು, ಹತ್ತು ವರ್ಷಕ್ಕೊಮ್ಮೆಯ ಜನಗಣತಿ. ಮನೆ ಮನೆಗೆ ಅಂಚೆಯಲ್ಲಿ ಫಾರಂ ಬಂದು, ತುಂಬಿ ಕಳಿಸದವರ ಮನೆಗೆ ಹೋಗಿ ಕೇಳಿ ಬರೆದುಕೊಳ್ಳಲು ಜನ ಬೇಕಾಗಿದ್ದರು. ಗುಲಾಬಿ ಅರ್ಜಿ ಹಾಕಿದ್ದನ್ನು ಕೇಳಿ ಜಯಕರನಿಗೆ ನಗು ಬಂತು.

"ಖಾನೇಸುಮಾರಿಯಾ? ಇಲ್ಲಿಯ ನಾಯಿಗಳು ಊರಿನ ನಾಯಿಗಳ ಹಾಗಲ್ಲ ಮಾರಾಯ್ತಿ. ಕಲ್ಲು ತೋರಿಸಿದ್ರೆ ಓಡುವುದಿಲ್ಲ."

"ನನ್ನ ಕೈಗೆ ಕಲ್ಲು ಯಾಕೆ ಬೇಕು, ಪೆನ್ಸಿಲು ಕೊಡ್ತಾರಂತೆ," ಎಂದಳು ಗುಲಾಬಿ.

ಚರ್ಚಿನ ಹಾಲಿನಲ್ಲಿ ಮೂರು ದಿನ ತರಬೇತಿ ನಡೆಯಿತು. ಅವಳ ತಂಡದ ಮೇಲ್ವಿಚಾರಕಿ ಒಡೆಸ್ಸಾ ಎಂಬ ಕಪ್ಪು ಹೆಂಗಸು, ಅರುವತ್ತರ ಹತ್ತಿರದ ವಯಸ್ಸು, ಶಾಲೆಯ ಅಡುಗೆಮನೆಯಲ್ಲಿ ಬದುಕೆಲ್ಲ ದುಡಿದವಳು. ಅವಳು ಹುಟ್ಟಿ ಬೆಳೆದ ಕೇರಿ ಕೊಲ್ಲಿಯ ದಡದಲ್ಲಿತ್ತು. ಅದನ್ನು ಕೆಡವಿ ಗೋದಾಮುಗಳನ್ನು ಕಟ್ಟಿ ಹದಿನೈದು ವರ್ಷಗಳ ಮೇಲಾಗಿತ್ತು. ಮೂರನೆಯ ದಿನ ಎಲ್ಲರೂ ಬಲಗೈ ಎತ್ತಿ ಪ್ರಮಾಣ ಮಾಡಿದರು. ಮನೆಗಳಲ್ಲಿ ಕೇಳಿದ್ದನ್ನು, ಕಂಡದ್ದನ್ನು ಯಾರಿಗೂ ಹೇಳುವುದಿಲ್ಲ ಎಂಬ ಪ್ರಮಾಣ.

"ಯಾರಿಗೂ ಅಂದ್ರೆ ಯಾರಿಗೂ," ಎಂದು ಒಡೆಸ್ಸಾ ಬಿಡಿಸಿ ಹೇಳಿದಳು. "ಪೊಲೀಸರಿಗೆ, ಮನೆ ಮಾಲೀಕನಿಗೆ, ನಿಮ್ಮ ಗಂಡನಿಗೆ. ಈ ಕೆಲಸ ಆಗಸ್ಟಿಗೆ ಮುಗಿಯುತ್ತೆ. ಈ ಮಾತು ನೀವು ಸಾಯೋ ತನಕ ಮುಗಿಯಲ್ಲ."

ಗುಲಾಬಿಗೆ ಸಿಕ್ಕಿದ್ದು ಊರಿನ ದಕ್ಷಿಣ ಭಾಗ, ಟೆನ್ನಿಸನ್ ರಸ್ತೆಯ ಆಚೀಚೆ. ಹನ್ನೊಂದು ವರ್ಷ ಅದೇ ಊರಿನಲ್ಲಿದ್ದರೂ ತಾನು ಕಂಡದ್ದು ಅಂಗಡಿ, ಕಾರ್ಖಾನೆ, ಮಗಳ ಶಾಲೆ ಮಾತ್ರ ಎಂಬುದು ಅವಳಿಗೆ ಮೊದಲ ವಾರದಲ್ಲೇ ಅರಿವಾಯಿತು. ಕಪ್ಪು ಬಟ್ಟೆ ಬಿಡದ ಪೋರ್ಚುಗೀಸ್ ವಿಧವೆ ಅವಳನ್ನು ಕೂರಿಸಿ ಸಿಹಿ ಬ್ರೆಡ್ ಕೊಟ್ಟು, ಸತ್ತ ಗಂಡನ ಹೆಸರನ್ನೂ ಬರೆದುಕೊಳ್ಳಬೇಕೆಂದು ಹಟ ಹಿಡಿದಳು. ಎರಡು ಪಾಳಿಯಲ್ಲಿ ದುಡಿಯುವ ಫಿಲಿಪೀನ್ಸಿನ ನಾಲ್ವರು ನರ್ಸುಗಳು ಒಂದೇ ಮನೆಯಲ್ಲಿದ್ದು, ನಾಲ್ವರೂ ಒಟ್ಟಿಗೆ ಎಚ್ಚರಿದ್ದ ಹೊತ್ತು ಸಿಗಲಿಕ್ಕೆ ಐದು ಸಲ ಹೋಗಬೇಕಾಯಿತು. ಗಾಲಿ ಮನೆಗಳ ವಠಾರದಲ್ಲಿ ಒಕ್ಲಹೋಮದಿಂದ ಎಳೆಯ ವಯಸ್ಸಿನಲ್ಲಿ ಬಂದ ಮುದುಕನೊಬ್ಬ, "ಸರ್ಕಾರಕ್ಕೆ ನನ್ನ ಮೇಲೆ ಇಷ್ಟು ವರ್ಷ ಇಲ್ಲದ ಪ್ರೀತಿ ಈಗ ಯಾಕೆ?" ಎಂದು ಬಾಗಿಲು ಹಾಕಿಕೊಂಡ. ಮರುದಿನ ಅವನೇ ಬೀದಿಯಲ್ಲಿ ಕಾದು ನಿಂತು ಎಲ್ಲ ಹೇಳಿದ.

ಒಂದು ಅಪಾರ್ಟ್‌ಮೆಂಟಿನ ಎರಡನೆಯ ಮಹಡಿಯಲ್ಲಿ ಸರಪಳಿ ಹಾಕಿದ ಬಾಗಿಲ ಸಂದಿಯಿಂದ ಒಂದು ಕಣ್ಣು, ಅದರ ಮೇಲೆ ಅರ್ಧ ಕುಂಕುಮ ಕಂಡಿತು. ಒಳಗಿನಿಂದ ತೊಟ್ಟಿಲು ತೂಗುವ ಹಾಡಿನ ಕೊನೆ ಕೇಳಿತ್ತು. ಗುಲಾಬಿ ಇಂಗ್ಲಿಷನ್ನು ಬಿಟ್ಟು, "ಅಮ್ಮಾ, ಕನ್ನಡದವರಾ ನೀವು?" ಎಂದಳು.

ಸರಪಳಿ ಬಿಚ್ಚಿದ ಸದ್ದಾಯಿತು. ಮಂಡ್ಯದ ಕಡೆಯ ಭದ್ರಮ್ಮ ಮೊಮ್ಮಗುವನ್ನು ನೋಡಿಕೊಳ್ಳಲು ಬಂದು ಒಂಬತ್ತು ತಿಂಗಳಾಗಿತ್ತು. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದರು.

"ಬಾಗ್ಲು ತಗೀಬೇಡ ಅಂದವ್ನೆ ಮಗ. ನೀವು ಕನ್ನಡ ಆಡುದ್ರಲ್ಲ, ಇನ್ನೆಂಗೆ ತಗೀದೆ ಇರ್ಲಿ," ಎಂದು ಆಕೆ ಚಾಪೆ ಹಾಸಿದರು. ಗುಲಾಬಿ ಬಂದ ಕೆಲಸ ಹೇಳಿ ಮಗ ಸೊಸೆಯ ಹೆಸರು ಬರೆದುಕೊಂಡಳು.

"ನನ್ನೂ ಬರ್ಕತೀರಾ? ನಾನು ಇಲ್ಲಿಯೋಳಲ್ಲ ಕಣವ್ವ."

"ನೀವು ಹೆಚ್ಚು ದಿನ ಮಲಗಿ ಏಳುವುದು ಯಾವ ಮನೆಯಲ್ಲಿ ಅಂತ ಅಷ್ಟೇ ಇವರು ಕೇಳುವುದು. ಯಾವಾಗ ಹಿಂದೆ ಹೋಗ್ತೀರಿ?"

ಭದ್ರಮ್ಮ ಮಗುವಿನ ಕಾಲಿಗೆ ಕಾಲುಚೀಲ ಏರಿಸಿದರು. "ಊರಲ್ಲಿರೋ ಮನೇನ ಮೈದುನನ ಮಕ್ಕಳಿಗೆ ಬುಟ್ಟು ಬಂದೆ. ಓಯ್ತೀನಿ ಓಯ್ತೀನಿ ಅಂತ ಎಲ್ಲಾರ್ಗೂ ಏಳ್ತೀನಿ. ಯಾತಕ್ಕೆ ಸುಳ್ಳು. ಬರ್ಕಳಿ."

ಆ ವರ್ಷದ ಫಾರಮಿನಲ್ಲಿ ಇಂಡಿಯಾದವರಿಗೆಂದೇ ಮೊದಲ ಸಲ ಬೇರೆ ವೃತ್ತ ಇಟ್ಟಿದ್ದರು. ಗುಲಾಬಿ ಅದನ್ನು ಭದ್ರಮ್ಮನಿಗೆ ತೋರಿಸಿ, ಪೆನ್ಸಿಲನ್ನು ಅವರ ಕೈಗೇ ಕೊಟ್ಟಳು. ಆಕೆ ರಂಗೋಲಿಯ ಚುಕ್ಕಿ ಇಡುವಷ್ಟು ಜೋಪಾನವಾಗಿ ಅದನ್ನು ತುಂಬಿದರು.

ಹೀಗೆ ನಡೆಯುತ್ತಿದ್ದ ಕೆಲಸ ಮೇ ತಿಂಗಳಲ್ಲಿ ಒಂದು ಹೂವಿನ ತೋಟದ ಗೇಟಿನ ಹತ್ತಿರ ಬಂದು ನಿಂತಿತು. ಆ ಭಾಗದಲ್ಲಿ ಹಳೆಯ ಜಪಾನಿ ಕುಟುಂಬಗಳು ಗಾಜಿನ ಮನೆಗಳಲ್ಲಿ ಕಾರ್ನೇಷನ್ ಹೂ ಬೆಳೆಯುತ್ತಿದ್ದವು. ಸುತ್ತ ಅಪಾರ್ಟ್‌ಮೆಂಟುಗಳು ಎದ್ದರೂ ಹಮಾಸಾಕಿ ಎಂಬವರ ತೋಟ ಹಾಗೇ ಉಳಿದಿತ್ತು. ಅರುವತ್ತೈದು ದಾಟಿದ ಸಣ್ಣ ಮೈಯ ಮನುಷ್ಯ. ಗೇಟಿನಲ್ಲೇ ನಿಲ್ಲಿಸಿ, "ನಾನು, ನನ್ನ ಹೆಂಡತಿ. ಇಬ್ಬರು. ಮುಗಿಯಿತು," ಎಂದರು.

ಅವರ ಹೆಗಲಾಚೆ ಗಾಜಿನ ಮನೆಗಳ ಹಿಂದೆ ಉದ್ದನೆಯ ಎರಡು ಶೆಡ್ಡುಗಳು ಕಾಣುತ್ತಿದ್ದವು. ತಂತಿಯ ಮೇಲೆ ಗೇಣುದ್ದದ ಅಂಗಿಗಳು ಒಣಗುತ್ತಿದ್ದವು.

"ಆ ಶೆಡ್ಡಿನಲ್ಲಿ ಯಾರಾದರೂ ಇದ್ದಾರಾ ಸರ್?"

"ಹೂವಿನ ಪೆಟ್ಟಿಗೆಗಳಿವೆ."

ಗುಲಾಬಿ ಥ್ಯಾಂಕ್ಸ್ ಹೇಳಿ ಹೊರಟುಬಂದಳು. ಒಡೆಸ್ಸಾ ಅವಳ ಹಾಳೆ ನೋಡಿ, "ಮಾಲೀಕ ಎರಡು ಅಂದ್ರೆ ಎರಡು ಅಂತ ಬರೆದು ಮುಂದೆ ಹೋಗಬಹುದು. ನಿಯಮ ಅಷ್ಟಕ್ಕೆ ಬಿಡುತ್ತೆ," ಎಂದಳು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ, "ನಮ್ಮ ಕೇರಿಯನ್ನೂ ಹಾಗೇ ಬರೆದುಕೊಂಡು ಹೋಗ್ತಿದ್ರು. ದೂರದಲ್ಲೇ ನಿಂತು," ಎಂದು ಸೇರಿಸಿದಳು.

ಗುಲಾಬಿ ಎರಡು ದಿನ ಬಿಟ್ಟು ಮತ್ತೆ ಹೋದಳು. ಹಮಾಸಾಕಿ ಅದೇ ಉತ್ತರ ಕೊಟ್ಟರು. ಮೂರನೆಯ ಸಲ ಹೋದಾಗ ಅವರು ಗಾಜಿನ ಮನೆಯೊಳಗೆ ಹೂ ಕೊಯ್ಯುತ್ತಿದ್ದರು. ಹೊರಗೆ ಹೋಗು ಎನ್ನಲಿಲ್ಲ. ಬಿಸಿ ಗಾಳಿಯಲ್ಲಿ ಲವಂಗದಂಥ ವಾಸನೆ ತುಂಬಿತ್ತು. ಅವಳು ಕುಡಿಯಲು ನೀರು ಕೇಳಿದಳು. ಅವರು ನೀರು ತಂದುಕೊಟ್ಟು, ಒಂದು ಪೆಟ್ಟಿಗೆಯನ್ನು ಬೋರಲು ಹಾಕಿ ಕೂರಲು ಹೇಳಿದರು.

"ನೀನು ಕೆಟ್ಟವಳಲ್ಲ, ನನಗೆ ಗೊತ್ತು," ಎಂದರು ಅವರು, ಕೈಕೆಲಸ ಬಿಡದೆ. "ನಲವತ್ತನೆಯ ಇಸವಿಯ ಸೆನ್ಸಸ್ಸಿಗೆ ಬಂದ ಹುಡುಗಿಯೂ ಒಳ್ಳೆಯವಳೇ. ನಮ್ಮಮ್ಮ ಅವಳಿಗೆ ಚಹಾ ಕೊಟ್ಟಳು. ಮನೆಯಲ್ಲಿ ಎಷ್ಟು ಜನ, ಯಾರು ಎಲ್ಲಿ ಹುಟ್ಟಿದವರು, ಎಲ್ಲ ಹೇಳಿದೆವು. ಎರಡು ವರ್ಷ ತುಂಬುವ ಮೊದಲೇ ಜಪಾನಿನ ಜೊತೆ ಯುದ್ಧ ಶುರುವಾಗಿ, ಜಪಾನಿ ಮೂಲದವರನ್ನೆಲ್ಲ ಹಿಡಿದು ಕೂಡಿಹಾಕುವಾಗ ಅವರಿಗೆ ನಮ್ಮನ್ನು ಹುಡುಕುವುದೇ ಬೇಕಾಗಲಿಲ್ಲ. ಎಷ್ಟು ಬಸ್ಸು ಬೇಕು ಅಂತಲೂ ಗೊತ್ತಿತ್ತು. ಇದೇ ಹೇವರ್ಡಿನಲ್ಲಿ, ಕುತ್ತಿಗೆಗೆ ಚೀಟಿ ಕಟ್ಟಿ, ಸೂಟ್‌ಕೇಸಿನ ಪಕ್ಕ ಸಾಲಾಗಿ ನಿಲ್ಲಿಸಿದರು. ಮೊದಲ ಬೇಸಿಗೆ ಕುದುರೆ ಲಾಯದಲ್ಲಿ ಕಳೆದೆವು. ಆಮೇಲೆ ಯೂಟಾದ ಮರಳುಗಾಡಿನ ಶಿಬಿರ. ಅಪ್ಪ ಅಲ್ಲೇ ಸತ್ತ."

ಗುಲಾಬಿಗೆ ಇದು ಗೊತ್ತಿರಲಿಲ್ಲ. ಅವಳ ಮಗಳ ಇತಿಹಾಸದ ಪುಸ್ತಕದಲ್ಲಿ ಇದಕ್ಕೆ ಒಂದೇ ಒಂದು ಸಾಲು ಇತ್ತೋ ಏನೋ. ಸಮಾಧಾನದ ಮಾತು ಏನು ಹೇಳಿದರೂ ಹಗುರವಾಗುತ್ತದೆ ಎನ್ನಿಸಿತು. ಬದಲಿಗೆ ತಾನು ಲಸಿಕೆ ಹಾಕುತ್ತಿದ್ದ ಕಾಲದ ಒಂದು ಮನೆಯ ಮಾತು ತೆಗೆದಳು. ವಿಟ್ಲದ ಹತ್ತಿರ ಒಬ್ಬ ತಾಯಿ ಎಂಟು ವರ್ಷದ ಮಗಳನ್ನು ಅಡಗಿಸಿ, ಇಲ್ಲ ಎಂದಿದ್ದಳು. ಅವಸರದಲ್ಲಿದ್ದ ಗುಲಾಬಿ ಅದನ್ನೇ ಬರೆದುಕೊಂಡು ಮುಂದಿನ ಮನೆಗೆ ಹೋಗಿದ್ದಳು. ಮರುವರ್ಷ ಆ ಕಡೆಗೆ ಸಿಡುಬು ಬಂದಾಗ ಆ ಹುಡುಗಿ ಉಳಿಯಲಿಲ್ಲ.

"ಆ ತಾಯಿಗೆ ನನ್ನ ಮೇಲೆ ಸಿಟ್ಟು ಬರಲಿಲ್ಲ. ನನಗೇ ಬಂತು," ಎಂದಳು. "ಈ ಕಾಗದದಿಂದ ಮುಂದೆ ಯಾರು ಏನು ಮಾಡ್ತಾರೆ ಅಂತ ನಾನು ಹೇಳಲಾರೆ ಸರ್. ನಾನು ಏನು ಮಾಡ್ತೇನೆ ಅಂತ ಹೇಳಬಲ್ಲೆ. ನನ್ನ ಬಾಯಿಂದ ಒಂದು ಮಾತು ಹೊರಗೆ ಹೋಗುವುದಿಲ್ಲ."

ಹಮಾಸಾಕಿ ಕತ್ತರಿಸಿದ ಹೂಗಳನ್ನು ಇಪ್ಪತ್ತೈದರ ಕಟ್ಟು ಮಾಡಿ ಕಾಗದ ಸುತ್ತಿದರು. ಕೊನೆಗೆ, "ನಾನು ಹೇಳುವುದಿಲ್ಲ. ಅವರನ್ನೇ ಕೇಳು. ಅವರ ಬಾಯಿ ಅವರದು," ಎಂದು ಹಿಂದಿನ ಬಾಗಿಲು ತೆರೆದರು.

ಶೆಡ್ಡಿನ ಬಾಗಿಲಲ್ಲಿ ನಿಂತವಳನ್ನು ಗುಲಾಬಿ ಗುರುತಿಸುವ ಮೊದಲು ಅವಳೇ ಗುರುತಿಸಿದಳು. ಒಫೇಲಿಯಾ, ಎರಡು ಹಂಗಾಮು ಅದೇ ಟೊಮೆಟೊ ಬೆಲ್ಟಿನ ಎದುರು ಬದಿ ನಿಂತಿದ್ದವಳು. "ಕೆಮ್ಮಿಗೆ ಮೆಣಸಿನ ಕಷಾಯ ಕೊಟ್ಟ ಹೆಂಗಸು ಇವಳೇ," ಎಂದು ಅವಳು ಒಳಗಿನವರಿಗೆ ಸ್ಪ್ಯಾನಿಷಿನಲ್ಲಿ ಕೂಗಿ ಹೇಳಿದಳು. ತೋಟದ ಕೆಲಸದವರು, ಅವರ ಮಕ್ಕಳು ಒಬ್ಬೊಬ್ಬರಾಗಿ ಹೊರಗೆ ಬಂದರು. ಅವರ ಮೊದಲ ಪ್ರಶ್ನೆ, ಈ ಪಟ್ಟಿ ವಲಸೆ ಪೊಲೀಸರಿಗೆ ಹೋಗುತ್ತದೆಯೇ ಎಂಬುದು. ಇಲ್ಲ ಎಂದಳು ಗುಲಾಬಿ. ಪ್ರಮಾಣದ ಮಾತನ್ನು ತನ್ನ ಮುರುಕು ಸ್ಪ್ಯಾನಿಷಿನಲ್ಲಿ ಎರಡು ಸಲ ಹೇಳಿದಳು. ಆ ಮಧ್ಯಾಹ್ನವಿಡೀ ಅವಳು ಕಾರ್ನೇಷನ್ ಪೆಟ್ಟಿಗೆಯ ಮೇಲೆ ಕೂತು ಬರೆದಳು. ಹುಟ್ಟಿದ ದಿನ ಗೊತ್ತಿಲ್ಲದವರು ಮಳೆಗಾಲ, ಹಬ್ಬ ಹೇಳಿದರು. ಅದರಿಂದ ತಿಂಗಳು ಹಿಡಿದಳು. ಎದ್ದು ಬರುವಾಗ ಅವಳ ಚೀಲದಲ್ಲಿ ಇಪ್ಪತ್ತಮೂರು ಹೆಸರುಗಳಿದ್ದವು. ಅದರಲ್ಲಿ ಆರು ಹೆಸರು ಐದು ವರ್ಷದ ಒಳಗಿನ ಮಕ್ಕಳದ್ದು. ಒಂದು ಮಗುವಿನ ತೋಳಿನಲ್ಲೂ ಯಾವ ಲಸಿಕೆಯ ಗುರುತೂ ಅವಳಿಗೆ ಕಾಣಲಿಲ್ಲ. ಅದನ್ನು ಬರೆಯಲು ಫಾರಮಿನಲ್ಲಿ ಜಾಗವಿರಲಿಲ್ಲ.

ಕಷ್ಟ ಬಂದದ್ದು ಮನೆಯ ಕಡೆಯಿಂದ. ಜಯಕರ ಕೆಲಸ ಮಾಡುತ್ತಿದ್ದ ಸಣ್ಣ ಆಫೀಸಿಗೆ ದೊಡ್ಡ ಗಿರಾಕಿಯೊಬ್ಬನಿದ್ದ. ಆ ಭಾಗದಲ್ಲಿ ಜಾಗ ಕೊಂಡು ಅಪಾರ್ಟ್‌ಮೆಂಟು ಕಟ್ಟಿಸುತ್ತಿದ್ದವನು. ಹಮಾಸಾಕಿಯ ತೋಟದ ಮೇಲೆ ಅವನಿಗೆ ಬಹಳ ದಿನದ ಕಣ್ಣು. ನಿಯಮ ಮೀರಿ ಶೆಡ್ಡಿನಲ್ಲಿ ಜನರನ್ನು ಇರಿಸಿಕೊಂಡಿದ್ದಾರೆಂದು ತೋರಿಸಿದರೆ ಮುದುಕರ ಮೇಲೆ ದೂರು ಕೊಟ್ಟು, ಮಾರುವಂತೆ ಮಾಡಬಹುದು ಎಂಬುದು ಅವನ ಲೆಕ್ಕಾಚಾರ. ಜಯಕರನ ಹೆಂಡತಿ ಆ ಬೀದಿಯಲ್ಲಿ ಸೆನ್ಸಸ್ ಚೀಲ ಹಿಡಿದು ತಿರುಗುವುದನ್ನು ಅವನ ಕಡೆಯವರು ನೋಡಿದ್ದರು.

ಭಾನುವಾರ ಬೆಳಿಗ್ಗೆ ನೀರುದೋಸೆ ಹೊಯ್ಯುತ್ತಿದ್ದವಳ ಹಿಂದೆ ಬಂದು ನಿಂತು ಜಯಕರ ತುಳುವಿನಲ್ಲಿ ಮೆಲ್ಲನೆ ಕೇಳಿದ. "ಬಾಸ್ ಒಂದು ವಿಷಯ ಕೇಳಿದ್ರು. ಆ ಜಪಾನಿಯವರ ತೋಟದಲ್ಲಿ ಎಷ್ಟು ಜನ ಉಂಟು?"

ಗುಲಾಬಿ ಕಾವಲಿಯ ಮೇಲಿನ ದೋಸೆ ಮಡಚಿ ತಟ್ಟೆಗೆ ಹಾಕಿದಳು. "ಯಾರ ತೋಟ?"

"ಹೆಸರು ಬೇಡ, ಕಾಗದ ಬೇಡ. ಬರೀ ಒಂದು ನಂಬರ್ ಹೇಳು. ಗಂಡನಿಗೆ ಹೆಂಡತಿ ಹೇಳಿದ್ದು ಯಾರಿಗೆ ಗೊತ್ತಾಗ್ತದೆ?"

"ನನಗೆ ಗೊತ್ತಾಗ್ತದಲ್ಲ."

"ನನ್ನ ಕೆಲಸದ ಪ್ರಶ್ನೆ ಗುಲಾಬಿ. ತೋಟ ಕೇಳುವ ಆ ಗಿರಾಕಿ ಹೋದ್ರೆ ನಮ್ಮ ಆಫೀಸಲ್ಲಿ ಅರ್ಧ ಕೆಲಸ ಹೋಗ್ತದೆ. ಸುಗುಣಾ ಬರುವ ವರ್ಷ ಹೈಸ್ಕೂಲಿಗೆ."

"ನೀವು ಕೇಳಿದ್ದನ್ನು ನಾನು ಯಾರಿಗೂ ಹೇಳುವುದಿಲ್ಲ," ಎಂದಳು ಗುಲಾಬಿ. "ಅವರು ಹೇಳಿದ್ದನ್ನು ನಿಮಗೂ ಹೇಳುವುದಿಲ್ಲ. ದೋಸೆ ಆರ್ತದೆ, ಕೂತ್ಕೊಳ್ಳಿ."

ಅವನು ಕೂರಲಿಲ್ಲ. ನಾಲ್ಕು ದಿನ ಮನೆಯಲ್ಲಿ ಮಾತಿಲ್ಲ. ಅಪ್ಪ ಅಮ್ಮನ ನಡುವೆ ಉಪ್ಪಿನ ಡಬ್ಬಿ ದಾಟಿಸುತ್ತಿದ್ದ ಮಗಳು ಸುಗುಣಾ ಒಂದು ಸಲ ಇಂಗ್ಲಿಷಿನಲ್ಲಿ, ಇಬ್ಬರಲ್ಲಿ ಯಾರಾದರೂ ಒಬ್ಬರು ತಪ್ಪು ಒಪ್ಪಿಕೊಳ್ಳಬಾರದೇ ಎಂದಳು. ಗುಲಾಬಿಗೆ ಒಳಗೊಳಗೇ ಭಯವಿತ್ತು. ಗಂಡ ಕೆಟ್ಟವನಲ್ಲ, ಹತ್ತು ವರ್ಷ ಬಾಗಿದ ಬೆನ್ನಿನಲ್ಲಿ ನಕ್ಷೆ ಬರೆದು ಈ ಮನೆ ಹಿಡಿದವನು. ಅವನ ಅನ್ನಕ್ಕೆ ತಾನು ಕಲ್ಲು ಹಾಕುತ್ತಿದ್ದೇನೆಯೇ ಎಂದು ಬಾಗಿಲು ತಟ್ಟಲು ಹೋದಲ್ಲೆಲ್ಲ ಅನ್ನಿಸುತ್ತಿತ್ತು. ಆದರೂ ಆ ನಂಬರು ನಾಲಿಗೆಯ ತುದಿಗೆ ಒಮ್ಮೆಯೂ ಬರಲಿಲ್ಲ.

ಐದನೆಯ ದಿನ ಜಯಕರ ಬೇಗ ಮನೆಗೆ ಬಂದು, ಬೂಟು ಬಿಚ್ಚುತ್ತ ತಾನಾಗಿ ಹೇಳಿದ. "ಬಾಸ್ ಮತ್ತೆ ಕೇಳಿದ್ರು. ನನ್ನ ಹೆಂಡತಿ ಪ್ರಮಾಣ ಮಾಡಿದ್ದಾಳೆ, ಹೇಳುವುದಿಲ್ಲ. ಇನ್ನು ನಾನು ಅವಳ ಹತ್ತಿರ ಕೇಳುವುದೂ ಇಲ್ಲ ಅಂತ ಹೇಳಿ ಬಂದೆ."

"ಎಂತ ಹೇಳಿದ್ರು?"

"ಎಂತದೂ ಹೇಳ್ಲಿಲ್ಲ. ಅದೇ ಸ್ವಲ್ಪ ಕಷ್ಟ." ಆಮೇಲೆ, "ಅವತ್ತಿನ ದೋಸೆ ಹಿಟ್ಟು ಉಳಿದಿಲ್ವಲ್ಲ?" ಎಂದ.

ಅಕ್ಟೋಬರಿನಲ್ಲಿ ಆ ಆಫೀಸಿನಿಂದ ಮೂವರನ್ನು ತೆಗೆದರು. ಜಯಕರ ಅದರಲ್ಲೊಬ್ಬ. ಕೆಲಸ ಕಡಿಮೆಯಾಗಿತ್ತು ಎಂಬುದೂ ನಿಜ, ಆದ್ದರಿಂದ ಕಾರಣ ಇದೇ ಎಂದು ಯಾರೂ ಹೇಳುವಂತಿರಲಿಲ್ಲ. ಸ್ಯಾನ್ ಲಿಯಾಂಡ್ರೊದಲ್ಲಿ ಬೇರೆ ಕೆಲಸ ಸಿಗಲು ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳಲ್ಲಿ ಅವನು ಒಮ್ಮೆಯೂ ಆ ಭಾನುವಾರದ ಮಾತು ಎತ್ತಲಿಲ್ಲ. ಗುಲಾಬಿ ತನ್ನ ಬದುಕಿನಲ್ಲಿ ಕಂಡ ದೊಡ್ಡತನಗಳಲ್ಲಿ ಅದನ್ನೂ ಒಂದೆಂದು ಲೆಕ್ಕ ಹಿಡಿದಿದ್ದಳು.

ಎರಡು ವರ್ಷದ ಮೇಲೆ ಸೆನ್ಸಸ್ಸಿನ ಪುಸ್ತಕಗಳು ಊರಿನ ಲೈಬ್ರರಿಗೆ ಬಂದಾಗ ಅವಳು ಹೋಗಿ ತೆಗೆಸಿ ನೋಡಿದಳು. ಹೇವರ್ಡಿನ ಜನಸಂಖ್ಯೆ ಸುಮಾರು ತೊಂಬತ್ನಾಲ್ಕು ಸಾವಿರ. ತನ್ನ ಭಾಗದ ಸಾಲನ್ನು ಬೆರಳಿಟ್ಟು ಹುಡುಕಿದಳು. ಐದು ವರ್ಷದ ಒಳಗಿನ ಮಕ್ಕಳು ಎಂಬಲ್ಲಿ ಒಂದು ಅಂಕಿ ಇತ್ತು. ಯಾವ ಹೆಸರೂ ಇರಲಿಲ್ಲ, ಯಾವ ಗೇಟೂ ಇರಲಿಲ್ಲ. ಆ ಅಂಕಿಯೊಳಗೆ ತನ್ನ ಆರು ಮಕ್ಕಳು ಕ್ಷೇಮವಾಗಿ ಅಡಗಿ ಕೂತಿದ್ದಾರೆ ಎಂದು ಅವಳಿಗೆ ಖುಷಿಯಾಯಿತು.

ಅಂಥ ಅಂಕಿಗಳನ್ನು ನೋಡಿದವರು ಬೇರೆಯವರೂ ಇದ್ದರು. ಆ ಭಾಗದಲ್ಲಿ ಇಷ್ಟು ಎಳೆಯ ಮಕ್ಕಳಿದ್ದಾರೆ, ಒಬ್ಬ ಮಕ್ಕಳ ಡಾಕ್ಟರೂ ಇಲ್ಲ ಎಂದು ಕೆಲವು ನರ್ಸುಗಳು ಓಡಾಡಿ ಎಂಬತ್ತಮೂರರಲ್ಲಿ ಟೆನ್ನಿಸನ್ ರಸ್ತೆಯ ಬದಿಯ ಖಾಲಿ ಅಂಗಡಿಯೊಂದರಲ್ಲಿ ಉಚಿತ ಕ್ಲಿನಿಕ್ ತೆರೆದರು. ಲಸಿಕೆಗೆ ಬಾರದ ಮನೆಗಳಿಗೆ ಹೋಗಿ ಕರೆತರಲು ಒಬ್ಬರು ಬೇಕಾದರು. ಒಡೆಸ್ಸಾ ಫೋನು ಮಾಡಿ ಒಂದೇ ಹೆಸರು ಹೇಳಿದಳು. ನಲವತ್ತೇಳನೆಯ ವಯಸ್ಸಿನಲ್ಲಿ ಗುಲಾಬಿ ಮತ್ತೆ ಲಸಿಕೆಯ ಕೆಲಸಕ್ಕೆ ಸೇರಿದಳು. ಮೊದಲ ತಿಂಗಳಲ್ಲೇ ಒಫೇಲಿಯಾ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಬಂದಳು. ಹಿಂದಿನಿಂದ ಹಮಾಸಾಕಿಯ ಹೆಂಡತಿ ಕಾರಿನಲ್ಲಿ ಇನ್ನಿಬ್ಬರನ್ನು ತಂದು ಇಳಿಸಿದರು.

ಹಮಾಸಾಕಿ ತೋಟ ಮಾರಿದ್ದು ಎಂಬತ್ತಾರರಲ್ಲಿ, ತಮ್ಮ ಬೆನ್ನು ಬಾಗಿದ ಮೇಲೆ, ತಮಗೆ ಬೇಕಾದವರಿಗೆ. ಕೆಲಸದವರಿಗೆ ಒಂದು ವರ್ಷ ಮೊದಲೇ ತಿಳಿಸಿದ್ದರು. ಕೆಲವರು ಬೆಳ್ಳುಳ್ಳಿ ಹೊಲಗಳಿರುವ ಗಿಲ್‌ರಾಯ್‌ಗೆ ಹೋದರು, ಒಫೇಲಿಯಾ ಹೇವರ್ಡಿನಲ್ಲೇ ಬಾಡಿಗೆ ಮನೆ ಹಿಡಿದಳು. ಗಾಜು ಬಿಚ್ಚುವ ದಿನ ಗುಲಾಬಿ ನೋಡಲು ಹೋದಳು.

"ಅವತ್ತು ಎಷ್ಟು ಜನ ಅಂತ ಬರೆದುಕೊಂಡೆ? ಈಗಲಾದರೂ ಹೇಳು," ಎಂದರು ಹಮಾಸಾಕಿ. ಅವರ ಮುಖದಲ್ಲಿ ನಗು ಇತ್ತು.

"ನಿಮಗೂ ಹೇಳ್ಲಿಕ್ಕಾಗುವುದಿಲ್ಲ ಸರ್."

ಅವರು ಬಹಳ ಹೊತ್ತು ನಕ್ಕರು. ಅವರ ಹೆಂಡತಿ ಒಳಗಿನಿಂದ ಚಹಾ ತಂದರು. ಮೂವರೂ ಖಾಲಿ ಪೆಟ್ಟಿಗೆಗಳ ಮೇಲೆ ಕೂತು ಕುಡಿದರು.

ಗುಲಾಬಿ ಆ ದಶಕದ ಕೊನೆಯವರೆಗೂ ಕ್ಲಿನಿಕ್ಕಿನಲ್ಲೇ ದುಡಿದಳು. ಬೆಳಿಗ್ಗೆ ಹೋದ ಕೂಡಲೇ ತಾರೀಕು ತಪ್ಪಿಸಿದ ಮಕ್ಕಳ ಚೀಟಿಗಳನ್ನು ಬೀದಿವಾರು ಜೋಡಿಸಿ, ಬಿಸಿಲು ಏರುವ ಮೊದಲು ನಡೆದು ಹೊರಡುತ್ತಿದ್ದಳು. ಆ ಹೊತ್ತಿಗೆ ಊರಿಗೆ ಅಫ್ಘಾನಿಸ್ತಾನದವರು, ವಿಯೆಟ್ನಾಮಿನವರು ಬಂದು ಸೇರಿದ್ದರು. ಪ್ರತಿ ಭಾಷೆಯಲ್ಲೂ ಅವಳು ಎರಡೇ ಎರಡು ವಾಕ್ಯ ಕಲಿತುಕೊಳ್ಳುತ್ತಿದ್ದಳು: ಮಗು ಹೇಗಿದೆ, ಸ್ವಲ್ಪ ನೀರು ಕೊಡುತ್ತೀರಾ.